ಆಟದ ಪೆಟ್ಟಿಗೆಗೊಂದು ಕಳ್ಳಕೀಲಿ

ನಮ್ಮ ಮಲೆನಾಡಿನ ಮನೆಗಳ ಅಟ್ಟವೆಂಬುದು ಒಂದು ವಿಚಿತ್ರವಾದ ವಸ್ತುಸಂಗ್ರಹಾಲಯ. ಅಲ್ಲಿಗೆ ಏರಿದ ವಸ್ತು ಕೆಳಕ್ಕೆ ಇಳಿಯುವುದು ಅಪರೂಪ. ಅದನ್ನು ಎಸೆಯುವ ಮಾತಂತೂ ಇಲ್ಲವೇ ಇಲ್ಲ. ತಳ ಹೋದ ಕೊಳಗ, ಹರಿದ ಕಂಬಳಿ, ಮುಳ್ಳು ಬಿದ್ದುಹೋದ ಗಡಿಯಾರ, ಹಿಡಿಯಿಲ್ಲದ ಕೊಡೆ, ಎಲ್ಲವೂ ‘ಮುಂದೊಂದು ದಿನ ಬೇಕಾದೀತು’ ಎಂಬ ಒಂದೇ ನಂಬಿಕೆಯ ಮೇಲೆ ಹೊಗೆ ಕುಡಿಯುತ್ತ ಕುಳಿತಿರುತ್ತವೆ. ನಿಟ್ಟೂರಿನ ನಮ್ಮ ಮನೆಯ ಅಟ್ಟದಲ್ಲಿ ಇವುಗಳ ಪಂಕ್ತಿಯಲ್ಲಿ ಒಂದು ಆಟದ ಪೆಟ್ಟಿಗೆಯೂ ಕುಳಿತಿತ್ತು. ಟೆಲಿವಿಷನ್ನಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ಎಂಬ ಬೂದು ಬಣ್ಣದ ಪೆಟ್ಟಿಗೆ ಅದು.

ನಿಟ್ಟೂರೆಂದರೆ ಗುಬ್ಬಿಯ ಕಡೆಯ ನಿಟ್ಟೂರೇ ಎಂದು ಕೇಳುವ ಮಿತ್ರರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಅಲ್ಲ ಸ್ವಾಮಿ, ಇದು ಹೊಸನಗರ ತಾಲ್ಲೂಕಿನ ನಿಟ್ಟೂರು. ಸಂಪೇಕಟ್ಟೆಯನ್ನು ದಾಟಿ ನಾಗೋಡಿ ಘಾಟಿಯ ಮೂಲಕ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. 1343 ಮೀಟರ್ ಎತ್ತರದ ಕೊಡಚಾದ್ರಿ ನಮಗೆ ನೆರೆಮನೆಯವನಿದ್ದಂತೆ. ಆದರೆ ಆಷಾಢದಲ್ಲಿ ಆ ನೆರೆಯವನ ಮುಖ ಕಾಣುವುದು ವಾರಕ್ಕೊಮ್ಮೆ. ಮಳೆ ಹಿಡಿದರೆ ಹಪ್ಪಳ, ಪುಸ್ತಕ, ಚಪ್ಪಲಿಗಳಿಗೆ ಒಂದೇ ಬಗೆಯ ಬೂಷ್ಟು ಬರುವ ಊರು ನಮ್ಮದು. ಇಂಥ ಊರಿನಲ್ಲಿ ಸೂಕ್ಷ್ಮವಾದ ಯಂತ್ರಗಳು ಬಾಳುವುದು ಕಷ್ಟ. ಆದಕಾರಣ ರಿಪೇರಿಯೆಂಬುದು ಇಲ್ಲಿ ಒಂದು ವೃತ್ತಿ ಮಾತ್ರವಲ್ಲ, ಜೀವನಕ್ರಮವೇ ಆಗಿದೆ.

ಪೆಟ್ಟಿಗೆಯನ್ನು ತಂದವರು ನಮ್ಮ ಚಿಕ್ಕಪ್ಪಯ್ಯ. ಅವರು 1999ರಲ್ಲಿ ಅಮೆರಿಕದಿಂದ ಹಿಂದಿರುಗುವಾಗ ತಮ್ಮ ಮಕ್ಕಳಿಗೆಂದು ತಂದಿದ್ದರು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಈ ಯಂತ್ರ ಜಪಾನಿನಲ್ಲಿ 1994ರ ಡಿಸೆಂಬರಿನಲ್ಲಿಯೂ ಅಮೆರಿಕ, ಯೂರೋಪುಗಳಲ್ಲಿ ಮರುವರ್ಷದ ಸೆಪ್ಟೆಂಬರಿನಲ್ಲಿಯೂ ಮಾರಾಟಕ್ಕೆ ಬಂದು, ಜಗತ್ತಿನಲ್ಲಿ ಹತ್ತು ಕೋಟಿಗೂ ಮೀರಿ ಖರ್ಚಾಯಿತು. ಆ ಹತ್ತು ಕೋಟಿಯಲ್ಲಿ ಒಂದು ನಿಟ್ಟೂರಿಗೆ ಬಂದದ್ದು ಏನೂ ಸೋಜಿಗವಲ್ಲ. ಅಮೆರಿಕದ ವಿದ್ಯುತ್ತು 120 ವೋಲ್ಟು, ನಮ್ಮದು 230. ಹಾಗಾಗಿ ಪೆಟ್ಟಿಗೆಯ ಜೊತೆಗೆ ವೋಲ್ಟೇಜು ಇಳಿಸುವ, ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರೂ ಬಂದಿತ್ತು. ‘ಇದೊಂದು ದಂಡ, ಮಳೆಗಾಲದ ರಾತ್ರಿ ನಮ್ಮ ಕರೆಂಟು ತಾನಾಗಿಯೇ ಅಷ್ಟಕ್ಕೆ ಇಳಿಯುತ್ತದೆ’ ಎಂದು ಆಗ ಮನೆಯಲ್ಲಿ ನಗೆಯಾಡುತ್ತಿದ್ದರಂತೆ. ಚಕ್ರಾ, ಸಾವೆಹಕ್ಲು, ಮಾಣಿ ಎಂದು ಸುತ್ತಲೂ ಜಲಾಶಯಗಳನ್ನು ಇಟ್ಟುಕೊಂಡು ನಾಡಿಗೆಲ್ಲ ಬೆಳಕು ಕೊಡುವ ತಾಲ್ಲೂಕಿನವರು ಇಂಥ ಮಾತನ್ನು ನಗುತ್ತಲೇ ಆಡಬೇಕು. ಜೊತೆಯಲ್ಲಿ ಬಂದಿದ್ದ ಒಂದೇ ತಟ್ಟೆಗೆ ಮೂರನೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು, ಚಿಕ್ಕಪ್ಪಯ್ಯನ ಮಕ್ಕಳು ಓದಲು ಬೆಂಗಳೂರಿಗೆ ಹೋದರು, ಪೆಟ್ಟಿಗೆ ಅಟ್ಟಕ್ಕೇರಿತು.

ಎರಡು ವರ್ಷದ ಕೆಳಗೆ, ಲಂಡನ್ನಿನಲ್ಲಿರುವ ನಮ್ಮ ಅತ್ತೆಯ ಮಗ, ಅಂದರೆ ನನ್ನ ಭಾವ, ಊರಿಗೆ ಬಂದಾಗ ಈ ಪೆಟ್ಟಿಗೆಯ ನೆನಪಿನಿಂದ ಐದು ತಟ್ಟೆಗಳನ್ನು ತಂದುಕೊಟ್ಟನು. ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ಅಸಲಿ ತಟ್ಟೆಗಳು ಅವು. ಮೇಲೆ ಬಣ್ಣದ ಚಿತ್ರ; ಕೆಳಗಿನ ಮೈ ಬೇರೆ ತಟ್ಟೆಗಳಂತೆ ಬೆಳ್ಳಗಿರದೆ ಕಾಡಿಗೆಯಂತೆ ಕಪ್ಪು. ನಾನೂ ಎಂಟನೆಯ ತರಗತಿಯ ನನ್ನ ತಂಗಿಯೂ ಪೆಟ್ಟಿಗೆಯನ್ನು ಇಳಿಸಿ, ಒರೆಸಿ, ತಟ್ಟೆಯನ್ನು ಹಾಕಿದೆವು. ಅದು ತಿರುಗಿತು, ಯೋಚಿಸಿತು. ಬಳಿಕ ‘ದಯವಿಟ್ಟು ಪ್ಲೇಸ್ಟೇಷನ್ ತಟ್ಟೆಯನ್ನು ಹಾಕಿರಿ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ತೋರಿಸಿ ಸುಮ್ಮನಾಯಿತು. ತಟ್ಟೆಯ ನೆತ್ತಿಯ ಮೇಲೆ ಪ್ಲೇಸ್ಟೇಷನ್ ಎಂದು ಅಚ್ಚಾಗಿದೆ. ಪೆಟ್ಟಿಗೆಯ ನೆತ್ತಿಯ ಮೇಲೂ ಅದೇ ಅಚ್ಚು. ಆದರೂ ಒಂದಕ್ಕೊಂದು ಗುರುತು ಹತ್ತಲಿಲ್ಲ. ಐದು ತಟ್ಟೆಗಳಿಗೂ ಇದೇ ಉತ್ತರ.

ಪೆಟ್ಟಿಗೆ ಕೆಟ್ಟಿರಲಿಲ್ಲ. ಅದರ ಹುಟ್ಟುಗುಣವೇ ಹಾಗೆ. ಇದನ್ನು ಸ್ವಲ್ಪ ವಿವರಿಸಬೇಕು. ಇಂಥ ತಟ್ಟೆಯಲ್ಲಿ ಎಲ್ಲ ಮಾಹಿತಿಯೂ ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಬರುವ ಒಂದೇ ಗೆರೆಯ ಮೇಲಿರುತ್ತದೆ. ಪ್ಲೇಸ್ಟೇಷನ್ನಿನ ತಟ್ಟೆಯನ್ನು ಕಾರ್ಖಾನೆಯಲ್ಲಿ ಅಚ್ಚು ಹಾಕುವಾಗ, ಈ ಗೆರೆಯ ಅತ್ಯಂತ ಒಳಗಿನ ಭಾಗವನ್ನು ನೆಟ್ಟಗೆ ಬಿಡದೆ ಕಣ್ಣಿಗೆ ಕಾಣದಷ್ಟು ಓಲಾಡಿಸಿರುತ್ತಾರೆ. ಆ ಓಲಾಟದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರಗಳು ಅಡಗಿವೆ: ಜಪಾನಿನ ತಟ್ಟೆಗಾದರೆ ಎಸ್‌ಸಿಇಐ, ಅಮೆರಿಕದ್ದಕ್ಕೆ ಎಸ್‌ಸಿಇಎ, ಯೂರೋಪಿನದಕ್ಕೆ ಎಸ್‌ಸಿಇಇ. ಪೆಟ್ಟಿಗೆ ಮೊದಲು ಈ ಅಕ್ಷರಗಳನ್ನು ಓದಿ, ತನ್ನ ಸೀಮೆಯದಾದರೆ ಮಾತ್ರ ಮುಂದುವರಿಯುತ್ತದೆ. ಮನೆಯ ಕಂಪ್ಯೂಟರಿನಲ್ಲಿ ತಟ್ಟೆಯನ್ನು ನಕಲು ಮಾಡಿದರೆ ಆಟವೆಲ್ಲ ನಕಲಾಗುತ್ತದೆ, ಓಲಾಟ ಮಾತ್ರ ನಕಲಾಗುವುದಿಲ್ಲ.

ನಮ್ಮ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ಅರಣ್ಯ ಇಲಾಖೆಯವರು ನಾಟಾದ ಕೊನೆಗೆ ಸುತ್ತಿಗೆಯಿಂದ ಮುದ್ರೆ ಹೊಡೆಯುವುದನ್ನು ಯಾರು ನೋಡಿಲ್ಲ? ನಾಕಾದಲ್ಲಿ ಲಾರಿ ನಿಂತಾಗ ಅವರು ಮರದ ಜಾತಿಯನ್ನಾಗಲಿ ಚೆಲುವನ್ನಾಗಲಿ ನೋಡುವುದಿಲ್ಲ, ಮುದ್ರೆಯನ್ನು ನೋಡುತ್ತಾರೆ. ಈ ಪೆಟ್ಟಿಗೆಯೂ ಒಂದು ನಾಕಾ. ಕದ್ದ ನಾಟಾ ಬಂದರೂ ಅದು ಗೇಟು ಹಾಕುತ್ತದೆ. ದುಡ್ಡು ಕೊಟ್ಟು ಕೊಂಡದ್ದಾದರೂ ಬೇರೆ ಸೀಮೆಯ ಮುದ್ರೆ ಇದ್ದರೆ ಆಗಲೂ ಗೇಟು ಹಾಕುತ್ತದೆ. ಕಳ್ಳನಿಗೂ ನೆಂಟನಿಗೂ ಒಂದೇ ಸತ್ಕಾರ. ನಮ್ಮ ಭಾವನ ತಟ್ಟೆಗಳು ನೆಂಟರ ಸಾಲಿನವು.

ಇದಕ್ಕೆ ಪರಿಹಾರವಾಗಿ 1990ರ ದಶಕದಲ್ಲಿಯೇ ಹುಟ್ಟಿಕೊಂಡದ್ದು ಎಂಟು ಕಾಲುಗಳ, ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಚಿಪ್ಪು. ಮೊದಮೊದಲು ಇದಕ್ಕೆ ಪಿಕ್ 12ಸಿ508 ಎಂಬ ಸಾಮಾನ್ಯ ಚಿಪ್ಪನ್ನೇ ಬಳಸುತ್ತಿದ್ದರು. ಆಟಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಾವು ಬರೆದುಕೊಟ್ಟದ್ದನ್ನು ಮಾಡುವ ಕೂಲಿಯಾಳು ಅದು. ಅದನ್ನು ಪೆಟ್ಟಿಗೆಯ ಒಳಗೆ ಬೆಸೆದರೆ, ಬೀಗ ಮುರಿಯುವುದಿಲ್ಲ, ಏನನ್ನೂ ಅಳಿಸುವುದಿಲ್ಲ. ತಟ್ಟೆಯಿಂದ ಬರುವ ಓಲಾಟದ ದನಿಯನ್ನು ಅಡಗಿಸಿ, ತಾನೇ ಆ ನಾಲ್ಕು ಅಕ್ಷರಗಳನ್ನು ಮತ್ತೆ ಮತ್ತೆ ಒದರುತ್ತ ಕುಳಿತುಕೊಳ್ಳುತ್ತದೆ. ನಾಕಾದವನ ಕಿವಿಯಲ್ಲಿ ‘ಮುದ್ರೆ ಸರಿಯಾಗಿದೆ, ಸರಿಯಾಗಿದೆ’ ಎಂದು ಪಿಸುಗುಟ್ಟಿದಂತೆ. ಆಮೇಲೆ ಬಂದ ಕೆಲವು ಆಟಗಳು ಈ ಪಿಸುಮಾತು ಬೇಡದ ಹೊತ್ತಿನಲ್ಲಿಯೂ ಕೇಳಿಬರುತ್ತಿದೆಯೇ ಎಂದು ಪರೀಕ್ಷಿಸಿ, ಕೇಳಿದರೆ ಆಟವನ್ನು ನಿಲ್ಲಿಸಿಬಿಡುತ್ತಿದ್ದವು. ಆಗ ಚಿಪ್ಪಿನವರು, ಗೇಟು ತೆರೆದೊಡನೆ ಬಾಯಿ ಮುಚ್ಚಿಕೊಳ್ಳುವ ಜಾಣ ಚಿಪ್ಪನ್ನು ಮಾಡಿದರು. ನಮಗೆ ಬೇಕಾದದ್ದು ಈ ಎರಡನೆಯ ಬಗೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಎಂದರೆ ಸದರ ಪತ್ರಪ್ಪ ರಸ್ತೆಯಲ್ಲಿ, ಪಿಕ್ 12ಎಫ್629 ಎಂಬ ಚಿಪ್ಪು ಸಿಕ್ಕಿತು. ಪಾಲಿಟೆಕ್ನಿಕ್ಕಿನಲ್ಲಿ ಓದುವ ಮಿತ್ರನೊಬ್ಬ ಅದರೊಳಗೆ ಬರೆಯಬೇಕಾದದ್ದನ್ನು ಬರೆದುಕೊಟ್ಟನು. ಇನ್ನು ಬೆಸುಗೆಯೊಂದೇ ಬಾಕಿ ಎಂದುಕೊಂಡೆ.

ಆದರೆ ಅಪ್ಪಯ್ಯ ಒಪ್ಪಲಿಲ್ಲ.

ನಮ್ಮ ಅಪ್ಪಯ್ಯನ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳಬಹುದು. ರಾಶಿ ಅಡಿಕೆಯ ಚೀಲದಲ್ಲಿ ಒಂದು ಹಿಡಿ ಗೊರಬಲು ಬೆರೆತಿದೆಯೆಂಬ ಅನುಮಾನ ಬಂದರೆ, ಹೊಲಿದ ಚೀಲವನ್ನು ಬಿಚ್ಚಿ, ಜಗಲಿಯ ಮೇಲೆ ಸುರಿದು, ಆರಿಸಿ, ಮತ್ತೆ ಹೊಲಿಯುವವರು. ಅವರು ಚಿಪ್ಪನ್ನು ಅಂಗೈಯಲ್ಲಿಟ್ಟು ನೋಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ, “ಅಂದ್ರೆ ಕಳ್ಳಕೀಲಿ ಅಂತಾಯ್ತು” ಎಂದರು.

“ತಟ್ಟೆಗೂ ದುಡ್ಡು ಕೊಟ್ಟಿದೆ, ಪೆಟ್ಟಿಗೆಗೂ ದುಡ್ಡು ಕೊಟ್ಟಿದೆಯಲ್ಲ ಅಪ್ಪಯ್ಯ.”

“ಕೊಟ್ಟಿದ್ದು ಹೌದು. ಬೀಗ ಹಾಕಿದ್ದು ಅವರಲ್ಲನಾ? ಬೇರೆಯವರ ಬೀಗಕ್ಕೆ ಕೀಲಿ ಮಾಡೋ ಕೆಲಸ ನಮ್ಮನೇಲಿ ಬೇಡ.”

ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಸುಮ್ಮನಿರುವುದುಂಟೆ? ಕಾನೂನನ್ನು ಓದಿಕೊಂಡು ಬಂದೆ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿಯಾಗಿ 65ಎ ಎಂಬ ಪ್ರಕರಣ ಸೇರಿತು. ಕೃತಿಯ ರಕ್ಷಣೆಗಾಗಿ ಹಾಕಿದ ತಾಂತ್ರಿಕ ಬೀಗವನ್ನು ದಾಟಿಹೋದವನಿಗೆ ಎರಡು ವರ್ಷದವರೆಗೆ ಸೆರೆಮನೆ ವಾಸ ಮತ್ತು ದಂಡ ಎಂದು ಅದು ಹೇಳುತ್ತದೆ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ದಾಟಿದ್ದರೆ ಮಾತ್ರ. ಉದ್ದೇಶವೆಂಬ ಆ ಒಂದು ಪದವನ್ನು ನಾನು ಅಪ್ಪಯ್ಯನ ಮುಂದೆ ಮೂರು ಸಲ ಒತ್ತಿ ಹೇಳಿದೆ. ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ 2005ರಲ್ಲಿ ಇದೇ ಪ್ಲೇಸ್ಟೇಷನ್ನಿನ ಚಿಪ್ಪಿನ ಮೊಕದ್ದಮೆಯಲ್ಲಿ, ಸ್ಟೀವನ್ಸ್ ಎಂಬವನು ಚಿಪ್ಪು ಮಾರಿದ್ದು ಆಗಿನ ಕಾಯಿದೆಗೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟದ್ದನ್ನೂ ಹೇಳಿದೆ. ಪೆಟ್ಟಿಗೆಯ ಬೀಗ ನಕಲು ಮಾಡುವುದನ್ನು ತಡೆಯುವುದಿಲ್ಲ, ನಕಲಾದದ್ದನ್ನು ಆಡುವುದನ್ನು ಮಾತ್ರ ತಡೆಯುತ್ತದೆ. ಆದ್ದರಿಂದ ಕಾಯಿದೆ ಹೇಳುವ ಬೀಗ ಇದಲ್ಲ, ಎಂದು ಅಲ್ಲಿಯ ವಾದದ ತಿರುಳು. ಮರುವರ್ಷವೇ ಅವರು ತಮ್ಮ ಕಾಯಿದೆಯನ್ನು ತಿದ್ದಿಕೊಂಡರೆಂಬುದನ್ನೂ, ಅಪ್ಪಯ್ಯ ಕೇಳಿದ್ದರಿಂದ, ಹೇಳಬೇಕಾಯಿತು.

“ಬೀಗ ಅಲ್ಲ ಅಂತ ಕೋರ್ಟು ಹೇಳಿದ ಮೇಲೆ ಬೀಗ ಅಂತ ಮಾಡಿಕೊಂಡ್ರು. ಹಂಗಾದ್ರೆ ಕೋರ್ಟನ್ನ ನಂಬಿ ನಾನು ಏನು ಮಾಡ್ಲಿ?” ಎಂದು ಅಪ್ಪಯ್ಯ ಎದ್ದುಹೋದರು. ಮಾತಿಗೆ ಮಾತು ಕೂಡಿಸಬಹುದು. ಮನಸ್ಸಿಗೆ ಒಪ್ಪಿಸುವುದು ಬೇರೆ.

ನಮ್ಮ ಕಡೆ ಬಳಗದವರೂ ಹೊರಗಿನವರೂ ‘ರೇಡಿಯೋ ಮಾವ’ ಎಂದೇ ಕರೆಯುವ ಒಬ್ಬ ಹಿರಿಯರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ಟ್ರಾನ್ಸಿಸ್ಟರ್ ರೇಡಿಯೋದಿಂದ ಆರಂಭಿಸಿ ಟೇಪ್‌ರೆಕಾರ್ಡರ್, ಟೆಲಿವಿಷನ್, ಮಿಕ್ಸರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಎಲ್ಲವನ್ನೂ ದುರಸ್ತಿ ಮಾಡಿದವರು. ಭದ್ರಾವತಿ ಆಕಾಶವಾಣಿಯ ಪ್ರದೇಶ ಸಮಾಚಾರ ನಮ್ಮ ಸುತ್ತಿನ ಮನೆಗಳಲ್ಲಿ ಕೇಳಿಸುತ್ತಿದ್ದುದರಲ್ಲಿ ಅವರ ಬೆಸುಗೆ ಕಡ್ಡಿಯ ಪಾಲೂ ಉಂಟು. ಈಗ ಅಂಗಡಿಯ ಬಾಗಿಲು ವಾರಕ್ಕೆ ಎರಡು ದಿನ ಮಾತ್ರ ತೆರೆಯುತ್ತದೆ. ಕೆಟ್ಟುಹೋದದ್ದನ್ನು ತರುವವರೇ ಇಲ್ಲ. ತಂದರೂ ಒಳಗೆ ಬಿಚ್ಚಲು ತಿರುಪೇ ಇರುವುದಿಲ್ಲ, ಎಲ್ಲ ಅಂಟು. “ಈಗಿನ ಸಾಮಾನು ಹೆಣದಂಗೆ, ಮಾಣಿ. ಮೊದಲು ಸುಡಬೇಕು, ಇಲ್ಲಾ ಹುಗೀಬೇಕು. ಮದ್ದು ಮಾಡಾಕೆ ಬರೂದಿಲ್ಲ” ಎಂದು ಅವರು ಒಮ್ಮೆ ಅಂದಿದ್ದರು. ಅವರ ಬಳಿಗೆ ಪೆಟ್ಟಿಗೆಯನ್ನು ಒಯ್ದೆ. ಬೆಸುಗೆಗಲ್ಲ, ಸುಮ್ಮನೆ ತೋರಿಸಲು. ಅವರು ಕೆಳಗಿನ ತಿರುಪುಗಳನ್ನು ತೆಗೆದು ಮುಚ್ಚಳ ಎತ್ತಿದರು. “ಆಹಾ! ತಿರುಪು ಇಟ್ಟಿದಾರೆ ಮಾರಾಯ. ಮನುಷ್ಯರು ಮಾಡಿದ್ದು ಇದು” ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಅಂಥ ಕಳೆ ಕಂಡೆ.

ಇದು ಅಪ್ಪಯ್ಯನ ಕಿವಿಗೆ ಹೋಯಿತು. ಮರುದಿನ ಸಂಜೆ, ಕೊಡೆ ಹಿಡಿದು, ‘ಮಾಡಬೇಡಿ’ ಎಂದು ಹೇಳಿಬರಲು ಅವರೇ ಅಂಗಡಿಗೆ ಬಂದರು. ಬಂದರು, ಮಳೆ ಜೋರಾಯಿತು, ಕರೆಂಟು ಹೋಯಿತು. ಮೇಣದಬತ್ತಿಯ ಬೆಳಕಿನಲ್ಲಿ ಮೂವರೂ ಕುಳಿತೆವು. ಅಪ್ಪಯ್ಯ ತಮ್ಮ ಮಾತು ಹೇಳಿದರು. ರೇಡಿಯೋ ಮಾವ ವಾದಕ್ಕೆ ಇಳಿಯಲಿಲ್ಲ. ಎಲೆಯಡಿಕೆ ತಟ್ಟೆಯನ್ನು ಮುಂದೆ ತಳ್ಳಿ, “ನಿಮ್ಮ ಅಪ್ಪ ರೇಡಿಯೋಗೆ ಲೈಸೆನ್ಸ್ ಕಟ್ತಿದ್ದದ್ದು ನೆನಪಿದೆಯಾ?” ಎಂದು ಕೇಳಿದರು.

ಇಂದಿನ ವಿದ್ಯಾರ್ಥಿಗಳು ನಂಬಲಾರರು. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಒಂದು ಕಾಲದಲ್ಲಿ ಸರ್ಕಾರದ ಪರವಾನಗಿ ಬೇಕಾಗಿತ್ತು. ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕದಲ್ಲಿ ನವೀಕರಿಸಿಕೊಳ್ಳಬೇಕು. ಈ ಪದ್ಧತಿ 1980ರ ದಶಕದಲ್ಲಿ ರದ್ದಾಯಿತು. ಅಪ್ಪಯ್ಯನಿಗೆ ಚೆನ್ನಾಗಿ ನೆನಪಿತ್ತು. “ಒಂದು ವರ್ಷವೂ ತಪ್ಪಿಸಲಿಲ್ಲ ಅಪ್ಪ. ರೇಡಿಯೋ ಮೂಲೆಗೆ ಬಿದ್ದ ವರ್ಷವೂ ಕಟ್ಟಿದ್ರು” ಎಂದರು.

“ಅವರೊಬ್ಬರು ಹಂಗೆ. ನನ್ನ ಹತ್ರ ಬಂದ ರೇಡಿಯೋಗಳಲ್ಲಿ ಲೈಸೆನ್ಸ್ ಇದ್ದದ್ದು ಎಷ್ಟೋ, ಇಲ್ಲದ್ದು ಎಷ್ಟೋ. ನಾನು ಯಾರನ್ನೂ ಕೇಳಲಿಲ್ಲ. ಬಿಚ್ಚೋದು ನನ್ನ ಕೆಲಸ. ದುಡ್ಡು ಕಟ್ಟೋದು ಅವರವರ ಕೆಲಸ. ರಿಪೇರಿ ಮಾಡಿ ಕೊಟ್ಟೆ ಅಂತ ನಿಮ್ಮಪ್ಪ ಲೈಸೆನ್ಸ್ ಕಟ್ಟೋದು ಬಿಟ್ಟರಾ?”

ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಹೆಂಚಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ, ಮಾತಾಡಿದ್ದರೂ ಕೇಳಿಸುತ್ತಿತ್ತೋ ಇಲ್ಲವೋ. ಕರೆಂಟು ಬಂದ ಮೇಲೆ ಕೊಡೆ ಕೊಡವಿಕೊಂಡು ಎದ್ದು, “ಹಂಗಾದ್ರೆ ಒಂದು. ನಕಲು ತಟ್ಟೆ ನಮ್ಮನೆ ಮೆಟ್ಟಿಲು ಹತ್ತಬಾರದು” ಎಂದು ಹೇಳಿ ಹೊರಟರು.

ಬೆಸುಗೆಯ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ರೇಡಿಯೋ ಮಾವನ ಕಡ್ಡಿ 60 ವಾಟಿನದು. ರೇಡಿಯೋ ಕಾಲದ ದಪ್ಪ ಕಾಲುಗಳಿಗೆ ಸರಿ, ಈ ಪೆಟ್ಟಿಗೆಯ ಸಾಸಿವೆ ಗಾತ್ರದ ಚುಕ್ಕಿಗಳಿಗೆ ಅಲ್ಲ. ಅವರು ಅದರ ಮೂತಿಗೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ತಂತಿಯ ತುದಿಯನ್ನು ಮುಂದಕ್ಕೆ ಚಾಚಿ, ಅರದಿಂದ ಚೂಪು ಮಾಡಿ ಹೊಸ ಮೂತಿಯೊಂದನ್ನು ಮಾಡಿಕೊಂಡರು. ಹಾಗೆ ಸುತ್ತಿದರೆ ಶಾಖವೂ ತಕ್ಕಷ್ಟು ಇಳಿಯುತ್ತದೆ. ಬಳಿಕ ಆ ತುದಿಯನ್ನು ನವಸಾಗರದ ಗಟ್ಟಿಗೆ ಉಜ್ಜಿ ತವರ ಹಿಡಿಸಿದರು. ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಮಾಡುವುದೂ ಇದನ್ನೇ: ಅದೇ ನವಸಾಗರ, ಅದೇ ತವರ, ಅದೇ ಮೂಗು ಸೀಳುವ ಬಿಳಿ ಹೊಗೆ. ಬೆಸುಗೆಯ ತಂತಿಯಲ್ಲಿ ಮಾತ್ರ ನೂರಕ್ಕೆ 60 ತವರ, 40 ಸೀಸ. ಸುಮಾರು 190 ಡಿಗ್ರಿಗೆಲ್ಲ ನೀರಾಗುತ್ತದೆ. ಸೀಸ ವಿಷವೆಂದು ಈಗಿನ ಕಾರ್ಖಾನೆಗಳು ಅದನ್ನು ಬಹುಮಟ್ಟಿಗೆ ಬಿಟ್ಟಿವೆ. ಸೀಸವಿಲ್ಲದ ಬೆಸುಗೆ ಕರಗಲು ಹೆಚ್ಚು ಶಾಖ ಬೇಕು. ನಮ್ಮ ಪೆಟ್ಟಿಗೆ ಹಳೆಯ ಕಾಲದ್ದಾದುದರಿಂದ ಸುಲಭವಾಗಿ ಒಲಿಯಿತು.

ಬೆಸುಗೆ ಹಿಡಿಯಬೇಕಾದರೆ ಮೊದಲು ಲೋಹದ ಮೈ ಶುದ್ಧವಾಗಬೇಕು. ಅಕ್ಕಸಾಲಿಗರು ಅದಕ್ಕೆ ಬಿಳಿಗಾರವನ್ನು ಬಳಸುತ್ತಾರೆ, ಇಲ್ಲಿ ರಾಳ. ಪೈನ್ ಮರದ ಅಂಟಿನಿಂದ ತೆಗೆದ ರಾಳ ಅದು; ಆದರೂ ಕಡ್ಡಿ ತಾಗಿದೊಡನೆ ಎದ್ದ ಪರಿಮಳ ನಮ್ಮ ಕಾಡಿನ ಧೂಪದ್ದನ್ನೇ ಹೋಲುತ್ತಿತ್ತು. ಹಳೆಯ ಕಂಪ್ಯೂಟರಿನ ಪಟ್ಟಿತಂತಿಯಿಂದ ಎಳೆ ಬಿಡಿಸಿ ಆರು ತುಂಡು ಮಾಡಿಕೊಂಡೆವು. ಎರಡು ವಿದ್ಯುತ್ತಿಗೆ, ಉಳಿದ ನಾಲ್ಕು ಚಿಪ್ಪು ಹೇಳುವುದಕ್ಕೂ ಕೇಳುವುದಕ್ಕೂ. ಯಾವ ಚುಕ್ಕಿಗೆ ಯಾವ ತಂತಿ ಎಂಬುದು ಪೆಟ್ಟಿಗೆಯ ತಳದಲ್ಲಿ ಅಚ್ಚಾದ ಮಾದರಿಯ ಸಂಖ್ಯೆಯ ಮೇಲೆ ಹೋಗುತ್ತದೆ. ಒಂದು ಮಾದರಿಯ ನಕ್ಷೆ ಇನ್ನೊಂದಕ್ಕೆ ನಡೆಯದು.

ಮೊದಲ ಮೂರು ತಂತಿಗಳನ್ನು ಮಾವನೇ ಬೆಸೆದರು. ಅವರ ಕೈ ನಡುಗುತ್ತದೆ. ಕಪ್ಪಿನಲ್ಲಿ ಕಾಫಿ ಹಿಡಿದರೆ ಬಸಿಯಲ್ಲಿ ಅರ್ಧವಿರುತ್ತದೆ. ಆದರೆ ಕಡ್ಡಿ ಹಿಡಿದ ಕೈಯ ಮಣಿಕಟ್ಟನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದ ಆ ಎರಡು ಸೆಕೆಂಡು ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ನಾಲ್ಕನೆಯದಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಚುಕ್ಕಿ ಎರಡೆರಡು ಕಾಣ್ತದೆ. ಇನ್ನು ನೀನು ಹಿಡಿ” ಎಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. “ತವರವನ್ನ ಕಡ್ಡಿಗೆ ಕೊಡಬೇಡ, ಚುಕ್ಕಿಗೆ ಕೊಡು. ಚುಕ್ಕಿ ಕಾದರೆ ಅದೇ ಕುಡೀತದೆ. ಹೊಳೆದ ಕೂಡಲೆ ಕೈ ತೆಗಿ. ತೆಗೆದ ಮೇಲೆ ಊದಬೇಡ, ಅಲ್ಲಾಡಿಸಬೇಡ.” ಉಳಿದ ಮೂರನ್ನು ನಾನು ಬೆಸೆದೆ. ಅವರು ಒಂದೊಂದನ್ನೂ ಚಿಮಟದಿಂದ ಮೆಲ್ಲನೆ ಎಳೆದು ನೋಡಿ, ಏನೂ ಹೇಳದೆ ಮುಂದಿನದಕ್ಕೆ ಹೋದರು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದಾಗಲೂ ನನಗೆ ಅಷ್ಟು ಹಿಗ್ಗಾಗಿಲ್ಲವೆಂದರೆ ಅಧ್ಯಾಪಕರು ಕ್ಷಮಿಸಬೇಕು.

ಮನೆಗೆ ತಂದು ಲಂಡನ್ನಿನ ತಟ್ಟೆ ಹಾಕಿದೆವು. ನಾಕಾದವನು ಗೇಟು ತೆರೆದನು, ಆಟ ಬಂತು. ಆದರೆ ಬಣ್ಣ ಬರಲಿಲ್ಲ! ಟೆಲಿವಿಷನ್ನಿನ ತುಂಬ ಕಪ್ಪು ಬಿಳುಪು. ಮಾವನನ್ನು ಕೇಳಿದ್ದಕ್ಕೆ, ಅದು ಬೆಸುಗೆಯ ದೋಷವಲ್ಲವೆಂದರು. ಯೂರೋಪಿನ ಚಿತ್ರದ ಕ್ರಮ ಬೇರೆ, ಅಮೆರಿಕದ್ದು ಬೇರೆ. ಬಣ್ಣದ ಲೆಕ್ಕ ಇಡುವ ಹರಳು ಪೆಟ್ಟಿಗೆಯಲ್ಲಿ ಅಮೆರಿಕದ ಲೆಕ್ಕಕ್ಕೆ ಹೊಂದಿದೆ. ಯೂರೋಪಿನ ಆಟಕ್ಕೆ ಆ ಲೆಕ್ಕ ಸ್ವಲ್ಪ ತಪ್ಪುತ್ತದೆ, ಟೆಲಿವಿಷನ್ ಬಣ್ಣವನ್ನು ಬಿಟ್ಟುಬಿಡುತ್ತದೆ. ಇನ್ನೊಂದು ಹರಳು ಹಾಕಿದರೆ ಸರಿಹೋಗುತ್ತದಂತೆ. ಮುದ್ರೆಯ ಗೇಟನ್ನು ದಾಟಬಹುದು, ಸೀಮೆಯೆಂಬುದು ಮಾತ್ರ ಇನ್ನೆಲ್ಲೋ ಒಂದು ಕಡೆ ಉಳಿದೇ ಇರುತ್ತದೆ.

ಸುದ್ದಿ ಹರಡಿತು. ಹದಿನೈದು ದಿನ ಕಳೆಯುವುದರೊಳಗೆ ದೂರದ ನೆಂಟನೊಬ್ಬ ದೊಡ್ಡ ಚೀಲ ಹಿಡಿದು ಬಂದನು. ಅವನ ಅಣ್ಣ 2000ದ ಆಸುಪಾಸಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಕಡೆ ಕೊಂಡಿದ್ದ ನಕಲು ತಟ್ಟೆಗಳು. ಲೆಕ್ಕ ಹಾಕಿದರೆ ಎಪ್ಪತ್ತಕ್ಕೆ ಕಡಮೆಯಿಲ್ಲ. ನಮ್ಮ ಐದು ಎಲ್ಲಿ, ಈ ಎಪ್ಪತ್ತೆಲ್ಲಿ! ಪೆಟ್ಟಿಗೆಯೇನೋ ಈಗ ಅವೆಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಚಿಪ್ಪಿಗೆ ಕಳ್ಳನೂ ಒಂದೇ ನೆಂಟನೂ ಒಂದೇ, ಹಿಂದೆ ಬೀಗಕ್ಕೆ ಇದ್ದ ಹಾಗೆಯೇ. ತಂಗಿ ನನ್ನ ಮುಖ ನೋಡಿದಳು. ಒಳಗೆ ಅಪ್ಪಯ್ಯ ಅಡಿಕೆ ಆರಿಸುತ್ತಿದ್ದವರು ತಲೆಯೆತ್ತಲಿಲ್ಲ, ಕೆಮ್ಮಲೂ ಇಲ್ಲ. ಅವರೊಂದು ಮಾತು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪೆಟ್ಟಿಗೆಯೊಳಗಿದ್ದ ಕಾವಲುಗಾರನನ್ನು ನಾವೇ ಸುಮ್ಮನಾಗಿಸಿದ್ದೆವಷ್ಟೆ. ಆ ಕೆಲಸ ಈಗ ಜಗಲಿಗೆ ಬಂದು ಕುಳಿತಿತ್ತು. ನೆಂಟನಿಗೆ ಕಾಫಿ ಕೊಟ್ಟೆವು, ಹಲಸಿನ ಹಪ್ಪಳ ಕೊಟ್ಟೆವು. ಅವನು ಎಪ್ಪತ್ತು ತಟ್ಟೆಗಳನ್ನೂ ಹೊತ್ತುಕೊಂಡು ಹಿಂದಿರುಗುವಾಗ ನನ್ನನ್ನು ಹುಚ್ಚನೆಂದೇ ತಿಳಿದಿರಬೇಕು. ತಂಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಹರಳು ಇನ್ನೂ ಬಂದಿಲ್ಲ. ಮಾವ ತಮ್ಮ ಹಳೆಯ ಡಬ್ಬಿಗಳಲ್ಲಿ ಹುಡುಕುತ್ತಿದ್ದಾರೆ. ಸಿಕ್ಕಿದರೆ ಈ ಸಲ ಪೂರ್ತಿ ನಾನೇ ಬೆಸೆಯಬೇಕೆಂದು ಹೇಳಿದ್ದಾರೆ. ಅಲ್ಲಿಯವರೆಗೆ ಐದು ಆಟಗಳೂ ಕಪ್ಪು ಬಿಳುಪಿನಲ್ಲಿಯೇ ನಡೆಯುತ್ತಿವೆ. ಮೊನ್ನೆ ಸಂಜೆ ತಂಗಿ ಕಾರು ಓಡಿಸುತ್ತಿದ್ದಾಗ ಅಜ್ಜಿ ಬಂದು ಹಿಂದೆ ಕುಳಿತರು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, “ಹಳೇ ಪಿಚ್ಚರ್ರು ಹಾಕಿದೀರಾ? ರಾಜ್‌ಕುಮಾರ್ ಎಷ್ಟೊತ್ತಿಗೆ ಬರ್ತಾನೆ?” ಎಂದು ಕೇಳಿದರು. ಇನ್ನೇನು ಬರುತ್ತಾನೆಂದು ತಂಗಿ ಹೇಳಿದಳು. ಅಜ್ಜಿ ಕಾಯುತ್ತ ಕುಳಿತರು.